ಕಾವಲಿಗೆ ಮೊದಲು ಹೊಕ್ಕವರು

ಮಲ್ಲಿಗೆಕೋಟೆಯ ಅರಸ ಚಿನ್ನಪ್ಪ ನಾಯಕನಿಗೆ ಪೇಟೆ ಕಟ್ಟಿಸುವ ಹುಚ್ಚು ಹಿಡಿಯಿತು. ಕೋಟೆಯೊಳಗೆ ಜನ ತುಂಬಿದ್ದರು, ನಿಜ. ಹೊರಗಿನ ದನದ ಕಾವಲು ವಿಶಾಲವಾಗಿತ್ತು, ಅದೂ ನಿಜ. ಆದರೆ ಆ ಹುಲ್ಲುಗಾವಲಿನಲ್ಲಿ ನಲವತ್ತು ಮನೆ ಗೊಲ್ಲರು ತಲೆತಲಾಂತರದಿಂದ ದನ ಮೇಯಿಸಿಕೊಂಡಿದ್ದಾರೆ ಎಂಬುದು ಮಹಾರಾಯನ ಕಣ್ಣಿಗೇ ಬೀಳಲಿಲ್ಲ.

“ನೂರು ಮನೆ, ನೇರ ಬೀದಿ, ಮನೆಗೊಂದು ಬಾವಿ!” ಎಂದು ಒಡ್ಡೋಲಗದಲ್ಲಿ ಮೀಸೆ ತಿರುವಿದ. “ನನ್ನ ಪೇಟೆಯಲ್ಲಿ ಸೆಗಣಿ ಕಾಣಬಾರದು. ಒಂದು ದನದ ಗೊರಸೂ ಬೀಳಬಾರದು. ಮೊದಲ ಗೃಹಪ್ರವೇಶದ ದಿನವೇ ಗೊಲ್ಲರು ಗುಡ್ಡದಾಚೆಗೆ ಹೊರಡಲಿ.”

ಕಾವಲಿನಲ್ಲಿ ಕೆರೆಯಿತ್ತು; ಗುಡ್ಡದಾಚೆ ಹನಿ ನೀರಿಲ್ಲ. ಗೊಲ್ಲರ ಹಿರಿಯಳು ಚಿತ್ತವ್ವ ಆಸ್ಥಾನದ ವಿದೂಷಕ ನಂಜಯ್ಯನ ಮನೆಗೆ ಬಂದು ಅತ್ತಳು.

“ಏನಾರ ಮಾಡಪ್ಪಾ. ಕರುಗಳು ಸತ್ತೋಗ್ತವೆ.”

“ಗಂಟು ಕಟ್ಟವ್ವ. ಆದರೆ ಬಿಗಿಯಾಗಿ ಕಟ್ಟಬೇಡ,” ಎಂದ ನಂಜಯ್ಯ.

ಮರುದಿನ ಅರಸನ ಬಳಿಗೆ ಹೋದ. “ಪ್ರಭು, ಬಾಯಿಮಾತು ಗಾಳಿಗೆ ಹೋಗುತ್ತದೆ. ಗೊರಸು ಬೀಳಬಾರದೆಂಬುದನ್ನು ಕಲ್ಲಿನಲ್ಲಿ ಕೆತ್ತಿಸಿ. ಅರಮನೆಯವರಿಗೂ ವಿನಾಯಿತಿ ಇಲ್ಲವೆಂದು ಸೇರಿಸಿ. ನಿಮ್ಮ ಹೆಸರು ಉಳಿಯುತ್ತದೆ.”

ಅರಸ ಉಬ್ಬಿಹೋದ. ಪೇಟೆಯ ಬಾಗಿಲಲ್ಲಿ ಆಳೆತ್ತರದ ಕಲ್ಲು ನಿಂತಿತು.

ಮೊದಲ ಮನೆ ಎದ್ದಿತು. ಅದು ರಾಜಮಾತೆಗೆಂದೇ ಕಟ್ಟಿಸಿದ ತೊಟ್ಟಿಮನೆ. ತೋರಣ ಕಟ್ಟಿದರು, ವಾಲಗ ಊದಿದರು. ರಾಜಮಾತೆ ಹೊಸ್ತಿಲ ಹತ್ತಿರ ಬಂದು ನಿಂತೇಬಿಟ್ಟರು.

“ಹಸು ಎಲ್ಲಪ್ಪಾ?”

ಅರಸ ತಬ್ಬಿಬ್ಬಾದ. ಹೊಸ ಮನೆಗೆ ಮೊದಲು ಹಸು-ಕರು ಹೊಗಬೇಕು, ಮನೆಯವರು ಅದರ ಹಿಂದೆ. ಇದು ಯಾರಿಗೆ ಗೊತ್ತಿಲ್ಲ? ಊರು ಕಟ್ಟುವ ಭರದಲ್ಲಿ ಅವನೊಬ್ಬನಿಗೆ ಮರೆತುಹೋಗಿತ್ತು.

“ಅವ್ವಾ, ಮರದ ಹಸು ಮಾಡಿಸಲೇ?”

“ಮರದ ಹಸು ಗಂಜಲ ಹಾಕೀತೇನೋ?”

“ಹಾಗಾದರೆ ಜಟ್ಟಿಗಳು ಹೊತ್ತು ತರಲಿ. ಗೊರಸು ನೆಲ ಮುಟ್ಟುವುದಿಲ್ಲ!”

ನಾಲ್ವರು ಜಟ್ಟಿಗಳು ಚಿತ್ತವ್ವನ ಕೆಂಪು ಹಸುವನ್ನು ಎತ್ತಿದರು. ಅದು ಒದ್ದ ಒದೆಗೆ ಒಬ್ಬನ ರುಮಾಲು ಹಾರಿತು, ಇನ್ನೊಬ್ಬ ರಂಗೋಲಿಯ ಮೇಲೆ ಕುಕ್ಕರಿಸಿದ.

“ಬಾಣಂತಿ ಕಣ್ರಪ್ಪೋ, ಇಳಿಸ್ರೋ!” ಎಂದು ಚಿತ್ತವ್ವ ಬೊಬ್ಬೆ ಹಾಕಿದಳು.

“ಮುಹೂರ್ತ ಮೀರುತ್ತಿದೆ,” ಎಂದರು ಪುರೋಹಿತರು.

ಅರಸ ತನ್ನ ಶಾಲು ತೆಗೆದು ಎಸೆದ. “ಆ ಕಲ್ಲಿಗೆ ಇದನ್ನು ಹೊದಿಸಿ! ಇವತ್ತೊಂದು ದಿನ ಹಸು ನಡೆಯಲಿ. ಸಂಜೆಗೆ ಶಾಲು ತೆಗೆಯುತ್ತೇನೆ, ಗೊಲ್ಲರು ಹೊರಡಬೇಕು.”

ಹಸು ಕರುವಿನೊಡನೆ ಗಂಭೀರವಾಗಿ ಒಳಹೊಕ್ಕು, ನಡುಮನೆಯಲ್ಲೇ ಸೆಗಣಿ ಹಾಕಿತು. ರಾಜಮಾತೆ ಕೈಮುಗಿದರು. ಆಗ ನಂಜಯ್ಯ ಮುಂದೆ ಬಂದ.

“ಪ್ರಭು, ಈ ಮನೆಗೆ ಹಸು ಇವತ್ತು ಹೊಕ್ಕಿತು. ಈ ಕಾವಲಿಗೆ ಹೊಕ್ಕು ಏಳು ತಲೆಮಾರಾಯಿತು. ಅದರ ಹಿಂದೆಯೇ ಗೊಲ್ಲರೂ ಹೊಕ್ಕರು. ಅವರ ಗೃಹಪ್ರವೇಶ ಯಾವತ್ತೋ ಮುಗಿದಿದೆ. ನಾವು ಊಟಕ್ಕೆ ಬಂದವರು. ಊಟಕ್ಕೆ ಬಂದವರು ಮನೆಯವರನ್ನೇ ಆಚೆ ಹಾಕುವುದುಂಟೇ?”

ಮೊದಲು ನಕ್ಕವರು ರಾಜಮಾತೆ. ಆಮೇಲೆ ಅರಸನಿಗೂ ತಡೆಯಲಾಗಲಿಲ್ಲ.

“ಅರ್ಧ ಕಾವಲು ಗೊಲ್ಲರಿಗೇ ಇರಲಿ, ಕೆರೆಯೂ ಅವರ ಕಡೆಗೇ ಇರಲಿ. ಚಿತ್ತವ್ವ, ಗಂಟು ಬಿಚ್ಚು. ಯಾರಲ್ಲಿ, ಆ ಹಾಳು ಕಲ್ಲು ಕೀಳಿ! ನಂಜಯ್ಯ, ನಿನಗೇನು ಬೇಕೋ ಕೇಳು.”

“ಕಲ್ಲು ಕೀಳಿಸಬೇಡಿ, ಪ್ರಭು, ಅಷ್ಟು ಸಾಕು,” ಎಂದ ನಂಜಯ್ಯ. “ದನಗಳಿಗೆ ಮೈ ತುರಿಸಿಕೊಳ್ಳಲು ಒಂದು ಕಲ್ಲು ಬೇಕಾಗಿತ್ತು.”