ಏಳನೆಯ ಗೋಡೆ

ಹೊಳೆಯ ದಂಡೆಯ ಆಶ್ರಮಕ್ಕೆ ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ಪಟ್ಟಣದ ಏಳುಗೋಡೆ ಸೆರೆಮನೆಯ ಬಾಗಿಲು ತೆಗೆದಿದ್ದಾರೆ. ಹೊಸ ಅರಸು ಪಟ್ಟಕ್ಕೆ ಬಂದವನೇ ಮಾಡಿದ ಮೊದಲ ಕೆಲಸ ಅದಂತೆ.

ಗುರುಗಳು ಶಿಷ್ಯ ಮೋನಪ್ಪನನ್ನು ಕರೆದರು. ಗುರುಗಳನ್ನು ಎಲ್ಲರೂ ಅಜ್ಜಯ್ಯ ಎಂದೇ ಕರೆಯುತ್ತಿದ್ದರು.

“ಶುಕ್ರವಾರದ ದೋಣಿಗೆ ಅಲ್ಲಿಂದ ಒಬ್ಬ ಬರ್ತಾನೆ. ಹೋಗೋಕೆ ಮನೆಯಿಲ್ಲ ಅವನಿಗೆ. ಬೇವಿನ ಮರದ ಹತ್ತಿರ ಒಂದು ಕೋಣೆ ಕಟ್ಟು.”

“ಯಾರಂತೆ ಅಜ್ಜಯ್ಯ?”

“ಡಂಗುರದ ಹುಲಿಗೆಪ್ಪ. ಹಳೇ ಅರಸನ ಯಾವುದೋ ಅಪ್ಪಣೆ ಸಾರಲ್ಲ ಅಂದನಂತೆ. ಹನ್ನೊಂದು ವರ್ಷ ಒಳಗಿದ್ದ.”

ಮೋನಪ್ಪನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ನೆಲಕ್ಕಿಟ್ಟ. ಇಡದಿದ್ದರೆ ಅದು ತಾನೇ ಬೀಳುತ್ತಿತ್ತು.

ಮೋನಪ್ಪ ಕಲ್ಲುಕೆಲಸದವನು. ಆಶ್ರಮಕ್ಕೆ ಬಂದು ಒಂಬತ್ತು ವರ್ಷ. ಬಂದ ದಿನ, ಪಟ್ಟಣದಲ್ಲಿ ಗುಡಿ ಕಟ್ಟುತ್ತಿದ್ದೆ ಎಂದಿದ್ದ. ಯಾವ ಗುಡಿ ಎಂದು ಒಬ್ಬರೂ ಕೇಳಲಿಲ್ಲ. ಕೆಲಸ ಚೆನ್ನಾಗಿ ಮಾಡುವವನ ಪೂರ್ವೋತ್ತರ ಯಾರಿಗೆ ಬೇಕು? ಕೆಲಸ ಕೆಟ್ಟಾಗ ಮಾತ್ರ ಜನ ಊರು ಕೇರಿ ವಿಚಾರಿಸುತ್ತಾರೆ.

ಅವನು ಗುಡಿ ಕಟ್ಟಿರಲಿಲ್ಲ. ಆ ಸೆರೆಮನೆಯ ಏಳನೆಯ ಗೋಡೆ ಅವನ ಕೈಯದು. ಗೋಡೆಯ ಒಳಗಿನ ಒಂದೇ ಒಂದು ಕೋಣೆಯೂ ಅವನ ಕೈಯದು. ಆ ಕೋಣೆ ಹುಲಿಗೆಪ್ಪನಿಗಾಗಿ ಕಟ್ಟಿದ್ದು.

ಹುಲಿಗೆಪ್ಪ ಅವನ ಮುಖ ನೋಡಿದ್ದ. ದನಿ ಕೇಳಿದ್ದ. ಶುಕ್ರವಾರ ದೋಣಿ ಇಳಿದು ಅವನು ಬೆರಳು ತೋರಿಸಿದರೆ ಸಾಕು, ಈ ದಂಡೆಯ ಮೇಲೆ ಮೋನಪ್ಪನಿಗೆ ಜಾಗ ಇರುವುದಿಲ್ಲ.

“ಅಜ್ಜಯ್ಯ, ನಾನು ಒಂದಷ್ಟು ದಿನ ಯಾತ್ರೆ ಹೋಗಿ ಬರ್ತೀನಿ.”

“ಹೋಗು.”

“ಇವತ್ತೇ ಹೊರಡಲಾ?”

“ಕೋಣೆ ಕಟ್ಟಿ ಹೊರಡು.”

ಅಂದೇ ಪಾಯ ತೆಗೆದ. ಬೇಗ ಮುಗಿಸಿದರೆ ದೋಣಿಗೆ ಮೊದಲೇ ಹೋಗಬಹುದು. ಅಷ್ಟೇ ಅವನ ಲೆಕ್ಕ.

ಮಂಗಳವಾರ ಅಜ್ಜಯ್ಯ ಬೇವಿನ ನೆರಳಿಗೆ ಬಂದು ಕಲ್ಲಿನ ಮೇಲೆ ಕೂತರು.

“ನೀನು ಪಟ್ಟಣದವನಲ್ಲವೇ? ಆ ಸೆರೆಮನೆ ಕಥೆ ಹೇಳು. ಯಾರು ಕಟ್ಟಿಸಿದ್ದು?”

“ಯಾರೂ ಕಟ್ಟಿಸಲಿಲ್ಲ ಅಜ್ಜಯ್ಯ. ಮೊದಲು ಅದು ಆನೆ ಲಾಯ.”

“ಆನೆ ಎಲ್ಲಿ ಹೋದವು?”

“ಯುದ್ಧದಲ್ಲಿ ಸತ್ತವಂತೆ. ಲಾಯ ಖಾಲಿ ಇತ್ತು. ಸೆರೆ ಸಿಕ್ಕವರನ್ನ ತಂದು ಅಲ್ಲಿ ಕೂರಿಸಿದರು. ಆನೆ ಹೋಗುವಷ್ಟು ಬಾಗಿಲು. ಕಾವಲಿನವರು ಸೆರೆಯವರ ಜೊತೆ ಕೂತು ಚೌಕಾಬಾರ ಆಡ್ತಿದ್ದರಂತೆ.”

“ಮತ್ತೆ ಗೋಡೆ ಯಾಕೆ ಬಂತು?”

“ಸಂಕ ಅನ್ನೋನು ಕಂಬ ಹತ್ತಿ ಹೆಂಚು ಸರಿಸಿ ಹೋದ. ಮಾರನೇ ತಿಂಗಳು ಮೊದಲನೇ ಗೋಡೆ. ಜನ ಅದನ್ನ ಸಂಕನ ಗೋಡೆ ಅಂತಾರೆ. ಬೇಟೆಗಾರ ಈರ ನೆಲ ಕೊರೆದು ಹೋದ. ಬಂಡೆಯವರೆಗೆ ಪಾಯ ಇಳಿಸಿ ಎರಡನೆಯದು ಎಬ್ಬಿಸಿದರು. ಅದು ಈರನ ಗೋಡೆ. ಮೂರನೆಯದು ಹಾಲಮ್ಮನ ಗೋಡೆ.”

“ಹೆಂಗಸೇ?”

“ಗಂಡನಿಗೆ ಬುತ್ತಿ ತರ್ತಿದ್ದಳು. ಒಂದು ದಿನ ತನ್ನ ಸೀರೆ ಅವನಿಗೆ ಉಡಿಸಿ ಕಳಿಸಿ, ತಾನು ಒಳಗೆ ಕೂತಳು. ಅಲ್ಲಿಂದ ಮುಂದೆ ಬುತ್ತಿಗೆ ಬೇರೆ ಅಂಗಳ, ಅಡ್ಡ ಗೋಡೆ, ಗೋಡೆಯಲ್ಲಿ ಒಂದು ಅಂಗೈಯಷ್ಟು ತೂತು.”

ಅಜ್ಜಯ್ಯ ನಕ್ಕರು. “ಒಬ್ಬ ಓಡಿದರೆ ಒಂದು ಗೋಡೆ.”

“ಹೌದು. ಗಂಟೆ ಬುರುಜು, ಹೊರಗಿನ ಕಂದಕ, ಎಲ್ಲ ಹಾಗೇ ಬಂದವು. ಓಡಿದವರ ಹೆಸರೇ ಗೋಡೆಗೆ. ಅರಸರ ಹೆಸರು ಒಂದಕ್ಕೂ ಇಲ್ಲ.”

“ಕಟ್ಟಿಸಿದವರು ಬಹಳ ಹೆದರಿದ್ದರು ಅನ್ನು.”

“ಹೆದರಿದ ಗಿರಾಕಿ ಬೆಲೆ ಕೇಳಲ್ಲ ಅಜ್ಜಯ್ಯ, ಇನ್ನೂ ಎತ್ತರ ಇದೆಯಾ ಅಂತ ಕೇಳ್ತಾನೆ.” ಹೇಳಿದ ಮೇಲೆ ಮೋನಪ್ಪ ನಾಲಿಗೆ ಕಚ್ಚಿಕೊಂಡ. ಗುಡಿ ಕಟ್ಟುವವನ ಮಾತಲ್ಲ ಅದು.

ಅಜ್ಜಯ್ಯ ಬೇವಿನ ಎಲೆ ಕಿತ್ತು ಕೈಯಲ್ಲಿ ತಿರುಗಿಸುತ್ತಿದ್ದರು.

“ಏಳನೆಯದು?”

“ಅದಕ್ಕೆ ಹೆಸರಿಲ್ಲ.”

“ಯಾಕೆ?”

“ಅಲ್ಲಿಂದ ಯಾರೂ ಓಡಲಿಲ್ಲ.”

“ಒಬ್ಬನೂ?”

ಮೋನಪ್ಪ ಕಲ್ಲಿನ ಮೂಲೆ ಒಡೆಯಲು ಸುತ್ತಿಗೆ ಎತ್ತಿದ. ಏಟು ಹೆಬ್ಬೆರಳಿಗೆ ಬಿತ್ತು.

ಬುಧವಾರ ಅವನಿಗೆ ಊಟ ಸೇರಲಿಲ್ಲ. ಅಡುಗೆಯ ಸಾವಂತ್ರವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನ್ರೀ ಆಚಾರ್ರೆ, ರೊಟ್ಟಿ ಮುರಿಯೋಕೂ ಉಳಿ ಸುತ್ತಿಗೆ ಕೊಡ್ಲಾ?”

“ಹಸಿವಿಲ್ಲವ್ವ.”

“ಬರೋನು ಸೆರೆಯಿಂದ ಬರೋನು. ಸೊರಗಿದ್ದು ನೀವು.”

ಅವಳು ತಮಾಷೆಗೆ ಅಂದಿದ್ದು. ಮೋನಪ್ಪ ತಟ್ಟೆ ಸರಿಸಿ ಎದ್ದ. ಹೊಳೆಯ ಕಡೆ ನೋಡಿದ. ಯಾವುದೋ ಮೀನಿನ ದೋಣಿ ತಿರುವಿನಲ್ಲಿ ಕಂಡಿತು. ಅದು ದಾಟಿ ಹೋಗುವವರೆಗೂ ಅವನು ಕಣ್ಣು ಕೀಳಲಿಲ್ಲ.

ಗುರುವಾರವೆಲ್ಲ ಕೆಲಸ ಓಡಿತು. ತಲೆಯಲ್ಲಿ ದೋಣಿ ಒಂದೇ. ಕಲ್ಲು ಜೋಡಿಸಿದ್ದು, ಚೌಕಟ್ಟು ನಿಲ್ಲಿಸಿದ್ದು, ಮೇಲೆ ಗಳ ಹಾಸಿ ಹುಲ್ಲು ಹೊದಿಸಿದ್ದು ಯಾವುದೂ ಅವನಿಗೆ ನೆನಪಿಲ್ಲ. ಕೈಗೆ ದಾರಿ ಗೊತ್ತಿತ್ತು, ಅದು ಹೋಯಿತು.

ಶುಕ್ರವಾರ ಬೆಳಗಾಗುತ್ತಲೇ ಗಂಟು ಕಟ್ಟಿಕೊಂಡು ಅಜ್ಜಯ್ಯನ ಮುಂದೆ ನಿಂತ.

“ಕೋಣೆ ಆಯ್ತು. ಬರಲಾ?”

“ನೋಡ್ತೀನಿ ಇರು.”

ಅಜ್ಜಯ್ಯ ಕೋಣೆಯ ಒಳಗೆ ಹೋದರು. ನೆಲದ ಮೇಲೆ ಅಂಗಾತ ಮಲಗಿದರು. ಅವರು ಗಿಡ್ಡ ಆಳು. ಆದರೂ ತಲೆ ಆ ಗೋಡೆಗೆ ಮುಟ್ಟಿತು, ಪಾದ ಈ ಗೋಡೆಗೆ ಮುಟ್ಟಿತು.

“ಉದ್ದ ಎಷ್ಟು ಕೊಟ್ಟಿದ್ದೀಯ?”

“ಮೂರೂವರೆ ಮೊಳ.” ಬಾಯಿಗೆ ತಾನೇ ಬಂತು.

“ಯಾರ ಅಳತೆ ಇದು?”

ಮೋನಪ್ಪ ಹೊಸ್ತಿಲಲ್ಲಿ ನಿಂತುಬಿಟ್ಟ.

“ಬಾಗಿಲು ಮುಚ್ಚು,” ಎಂದರು ಅಜ್ಜಯ್ಯ. ಮುಚ್ಚಿದ. ಒಳಗೆ ಗೋಡೆ ತಡವುವ ಸದ್ದು ಕೇಳಿತು. “ಚಿಲಕ ಎಲ್ಲಿ ಮೋನಪ್ಪ?”

ಚಿಲಕ ಮೋನಪ್ಪನ ಕಣ್ಣ ಮುಂದೆ ಇತ್ತು. ಬಾಗಿಲ ಹೊರಗೆ. ಒಳಗೆ ಏನೂ ಇರಲಿಲ್ಲ.

ಮುಚ್ಚಿದ ಬಾಗಿಲಿಗೆ ಹಣೆಯಿಟ್ಟ. ಮುಖ ಕಾಣದಿದ್ದರೆ ಮಾತು ಸಲೀಸು.

“ಅಜ್ಜಯ್ಯ, ನಾನು ಗುಡಿ ಕಟ್ಟಿದವನಲ್ಲ.”

ಹಣೆ ಎತ್ತದೆ ಮುಂದುವರಿಸಿದ.

“ಹುಲಿಗೆಪ್ಪನ್ನ ಮೊದಲು ಆನೆ ಲಾಯದಲ್ಲೇ ಇಟ್ಟಿದ್ದರು. ಅವನು ಅಲ್ಲಿಂದಲೇ ಕೂಗಿ ಸಾರ್ತಿದ್ದ, ಅರಸ ಮುಚ್ಚಿಟ್ಟಿದ್ದನ್ನೆಲ್ಲ. ಆರು ಗೋಡೆ ದಾಟಿ ಪೇಟೆಗೆ ಕೇಳ್ತಿತ್ತು. ಓಡಿದ್ದು ಮನುಷ್ಯ ಅಲ್ಲ ಅಜ್ಜಯ್ಯ, ದನಿ. ಅದಕ್ಕೆ ಏಳನೆಯ ಗೋಡೆ. ಮೈ ಚಾಚಿದರೆ ಎದೆ ತುಂಬ ಉಸಿರು ಬರುತ್ತೆ, ಉಸಿರು ಬಂದರೆ ದನಿ ಬರುತ್ತೆ, ಕೋಣೆ ಅವನ ಎತ್ತರಕ್ಕಿಂತ ಅರ್ಧ ಮೊಳ ಗಿಡ್ಡ ಇರಲಿ ಅಂದ ಸೆರೆಮನೆ ಅಧಿಕಾರಿ. ನಾನು ದಾರ ತಗೊಂಡು ಅವನ ಅಳತೆಗೆ ಹೋದೆ.”

ಮೋನಪ್ಪನ ಸೊಂಟದಲ್ಲಿ ಆ ದಾರ ಈಗಲೂ ಇತ್ತು. ಮೊಳಕ್ಕೊಂದು ಗಂಟು ಹಾಕಿದ ನೂಲು. ಕಲ್ಲುಕೆಲಸದವನು ಅದನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ.

“ಅವನು ನಗ್ತಾ ಎದ್ದು ನಿಂತ. ‘ಏನ್ ಆಚಾರ್ರೆ, ನನಗೆ ಅಂಗಿ ಹೊಲಿಸ್ತೀರಾ?’ ಅಂದ. ನಾನು ಹೌದು ಅಂದೆ. ತೋಳು ಎತ್ತಿ ಕೊಟ್ಟ. ತಲೆಯಿಂದ ಪಾದಕ್ಕೆ ನಾಲ್ಕು ಮೊಳ ಬಂತು. ಗೋಡೆ ಮುಗಿದ ದಿನ ಕೂಲಿಗೂ ಕಾಯದೆ ಊರು ಬಿಟ್ಟೆ. ಒಂದು ವರ್ಷ ಅಲೆದು ಇಲ್ಲಿಗೆ ಬಂದೆ.”

ಬಾಗಿಲು ಒಳಗಿನಿಂದ ತಳ್ಳಿದಂತಾಗಿ ಮೋನಪ್ಪ ಹಿಂದೆ ಸರಿದ. ಅಜ್ಜಯ್ಯ ಹೊರಬಂದು ಹೆಗಲ ಮೇಲಿನ ಮಣ್ಣು ಕೊಡವಿದರು.

“ಈಗ ನಾನು ಹೋಗಲಾ, ಇರಲಾ?” ಮೋನಪ್ಪ ಕೇಳಿದ.

“ದೋಣಿ ಬರೋದು ಮಧ್ಯಾಹ್ನ. ಕಲ್ಲಿನ ಚೂರು ಬಿದ್ದಿದೆ, ಗುಡಿಸು.”

ಅವನು ಗುಡಿಸಿದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಮೂರನೆಯ ಸಲ ಗುಡಿಸುವಾಗ ಸಾವಂತ್ರವ್ವ, “ನೆಲ ಸವೆದು ಹೋದೀತು, ಬಿಡ್ರೀ,” ಎಂದಳು. ಅಷ್ಟರಲ್ಲಿ ದೋಣಿ ದಡಕ್ಕೆ ತಗುಲಿತು.

ಒಬ್ಬನೇ ಇಳಿದ. ಅಗಲ ಹೆಗಲಿನ ಎತ್ತರದ ಆಳು, ನಡು ಬಾಗಿತ್ತು. ದಂಡೆ ಹತ್ತುವಾಗ ಎರಡು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ. ಎದುರಿಗೆ ಏನೋ ಅಡ್ಡ ಇದೆ ಎನ್ನುವ ಹಾಗೆ. ಆಮೇಲೆ ಮತ್ತೆ ಎರಡು.

ಸಾವಂತ್ರವ್ವ ಮಜ್ಜಿಗೆ ಕೊಟ್ಟಳು. ಕುಡಿದು, “ಸಾಕವ್ವ,” ಎಂದ. ಊರಿಗೆಲ್ಲ ಕೇಳುತ್ತಿದ್ದ ದನಿ. ಈಗ ಎದುರಿಗಿದ್ದವಳೂ ಬಗ್ಗಿ ಕೇಳಬೇಕಾಯಿತು.

ಅಜ್ಜಯ್ಯ ಅವನನ್ನು ಬೇವಿನ ಮರದ ಹತ್ತಿರ ಕರೆತಂದರು. ಅವನು ಕೋಣೆ ನೋಡಿದ. ಚಿಲಕ ನೋಡಿದ. ಹೊಸ್ತಿಲಿಗೆ ಮಾರು ದೂರದಲ್ಲೇ ನಿಂತ.

ಮೋನಪ್ಪ ಮರದ ಹಿಂದಿದ್ದ. ಅಜ್ಜಯ್ಯ ಅವನ ಕಡೆ ನೋಡಿದರು, ಕರೆಯಲಿಲ್ಲ. ಆ ನೋಟಕ್ಕಿಂತ ಕರೆದಿದ್ದರೇ ಚೆನ್ನಾಗಿತ್ತು. ಮೋನಪ್ಪನೇ ಈಚೆ ಬಂದ.

“ಒಳಗೆ… ಒಳಗೆ ಬನ್ನಿ,” ಎಂದ.

ಹುಲಿಗೆಪ್ಪನ ಬೆನ್ನು ಸೆಟೆಯಿತು. ತಿರುಗಿ ನೋಡಲಿಲ್ಲ.

“ಅಂಗಿ ಬಿಗಿಯಾಯ್ತು ಆಚಾರ್ರೆ.”

ಮೋನಪ್ಪ ಅವನ ಕಾಲಿಗೆ ಬಿದ್ದ.

“ಏಳಿ,” ಎಂದ ಹುಲಿಗೆಪ್ಪ. “ಕಾಲ ಬುಡದಲ್ಲಿ ಏನಾದ್ರೂ ಇದ್ರೆ ನನಗೆ ಆಗಲ್ಲ. ಹನ್ನೊಂದು ವರ್ಷ ಸಾಕು.”

ಮೋನಪ್ಪ ಎದ್ದ. “ಬಡೀರಿ. ಬೈರಿ. ಇಲ್ಲಿರಬೇಡ ಅನ್ನಿ, ಈಗಲೇ ಹೋಗ್ತೀನಿ.”

“ನೀವು ಹೋಗೋದ್ರಲ್ಲಿ ಗಟ್ಟಿಗರು. ಆ ಗೋಡೆಗೆ ಒಳಗಿದ್ದವರು ಏನಂತ ಹೆಸರಿಟ್ಟೆವು ಗೊತ್ತಾ?”

“ಅದಕ್ಕೆ ಹೆಸರಿಲ್ಲ.”

“ಇದೆ. ಓಡಿದವನ ಹೆಸರೇ ಗೋಡೆಗೆ ಅಲ್ಲವಾ? ಆಚಾರಿ ಗೋಡೆ ಅಂತೀವಿ.”

ಮೋನಪ್ಪನ ಗಂಟು ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

“ಅಜ್ಜಯ್ಯ, ಇವರಿಗೆ ನಾನೇನು ಕೊಡಲಿ?”

“ದಾರ ತೆಗೆ. ಅಳತೆ ತಪ್ಪಿದೆ, ಮತ್ತೆ ತಗೋ. ಈ ಸಲ ಎಷ್ಟು ಬೇಕು ಅಂತ ಅವನು ಹೇಳಲಿ.”

ಮೋನಪ್ಪ ಸೊಂಟದಿಂದ ದಾರ ಬಿಚ್ಚಿದ. ಒಂದು ತುದಿಯನ್ನು ಚಾಚಿ ಹಿಡಿದ. ಹುಲಿಗೆಪ್ಪ ಬಹಳ ಹೊತ್ತು ಆ ನೂಲನ್ನು ನೋಡಿದ. ಆಮೇಲೆ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೊಳೆಯ ಕಡೆ ಹೊರಟ.

ಎರಡು ಹೆಜ್ಜೆ ಇಟ್ಟು ನಿಂತ. ಹುಲಿಗೆಪ್ಪ ಖಾಲಿ ಗಾಳಿಗೆ ಕೈಯಿಟ್ಟು ನೋಡಿ, ಮೂರನೆಯ ಹೆಜ್ಜೆ ಇಟ್ಟ. ನಾಲ್ಕನೆಯದು. ಐದು.

ಒಂದೊಂದೇ ಗಂಟು ಮೋನಪ್ಪನ ಬೆರಳ ನಡುವೆ ಸರಿದು ಹೋಯಿತು. ಹತ್ತು. ಹದಿನೈದು. ಇಪ್ಪತ್ತನೆಯ ಗಂಟಿಗೆ ದಾರ ಬಿಗಿಯಾಗಿ ನಿಂತಿತು.

ಅತ್ತ ಹುಲಿಗೆಪ್ಪ ತಿರುಗಲಿಲ್ಲ. ನೀರಿಗೆ ಇನ್ನೂ ದೂರವಿತ್ತು. ಅವನ ಕೈ ಹಿಂದಕ್ಕೆ ಚಾಚಿ ನಿಂತಿತ್ತು, ಮೈ ಮುಂದಕ್ಕೆ ವಾಲಿತ್ತು. ಇತ್ತ ಮೋನಪ್ಪ ಕಡೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ನೂಲು ಅಂಗೈ ಕೊಯ್ಯುತ್ತಿತ್ತು.

“ಅಜ್ಜಯ್ಯ, ದಾರ ಮುಗೀತು. ಅವರು ಇನ್ನೂ ಎಳೀತಿದ್ದಾರೆ. ಏನು ಮಾಡಲಿ?”

“ನಿನ್ನ ತುದಿ ಬಿಡು.”