ಗುರಿ ತಪ್ಪದ ಬಂದೂಕು

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯೊಂದರ ಅಟ್ಟದ ಮೇಲೆ ಪ್ರತಿ ಭಾನುವಾರ ಮಹಾಯುದ್ಧ ನಡೆಯುತ್ತಿತ್ತು. ಯುದ್ಧವೆಂದರೆ ಮೇಜಿನ ಮೇಲಿನ ಆಟ. ಆಟಗಾರರೆಲ್ಲ ಸಿಪಾಯಿಗಳು, ಕಥೆ ಹೇಳುತ್ತ ಶತ್ರುಗಳನ್ನು ನಡೆಸುವವನು ಅದೇ ಅಂಗಡಿಯ ಗುಮಾಸ್ತ. ಗುಂಡು ತಗುಲಿತೋ ಇಲ್ಲವೋ ದಾಳ ಹೇಳಬೇಕು. ಒಮ್ಮೆ ಹಾರಿಸಿದ ಮೇಲೆ, ಮುಂದಿನ ಗುಂಡಿಗಾಗಿ ಬಂದೂಕಿನ ಬೋಲ್ಟು ಎಳೆಯಲು ಒಂದು ಸರದಿ ಕಾಯಬೇಕು. ವಾರವೆಲ್ಲ ಪರರ ಆಜ್ಞೆ ಕೇಳುವ ಗುಮಾಸ್ತನಿಗೆ ಇದೊಂದೇ ಸುಖ.

ಒಂದು ಭಾನುವಾರ ಅಂಗಡಿಯ ಮಾಲೀಕ ರಾಚಪ್ಪ ಸಾವ್ಕಾರರೂ ಆಡಲು ಕೂತರು. ಅವರ ಮೊದಲ ಗುಂಡೇ ತಪ್ಪಿತು.

“ನಮ್ಮ ಅಜ್ಜಾರು ಇಂಥಾದ್ದ ಬಂದೂಕು ಹಿಡದು ಲಡಾಯಿಗೆ ಹೋಗಿದ್ರು! ಇದರ ಗುರಿ ತಪ್ಪಂಗಿಲ್ಲ. ದಾಳ ಬ್ಯಾಡ, ಕಾಯೂದೂ ಬ್ಯಾಡ. ಹೊಡದ್ರ ಸಾಯಬೇಕು. ಇಲ್ಲಂದ್ರ ಅಟ್ಟಕ್ಕ ಬೀಗ!” ಎಂದು ಗುಡುಗಿದರು.

ಗುಮಾಸ್ತ ಕೈಮುಗಿದ. “ಆತ್ರೀ ಸಾವ್ಕಾರ್ರ. ಇನ್ನ ಈ ಬಂದೂಕಿನ ಗುರಿ ತಪ್ಪಂಗಿಲ್ಲ.”

ಸಾವ್ಕಾರರು ಹಾರಿಸಿದರು. ಎದುರಿನ ಕಂದಕದಲ್ಲಿ ಒಬ್ಬ ಶತ್ರು ಸತ್ತ. ಸಾವ್ಕಾರರು ಮೀಸೆ ತಿರುವಿದರು.

“ಈಗ ಅವನ ಪಕ್ಕದಾಂವ ಹಾರಿಸಿದ,” ಎಂದ ಗುಮಾಸ್ತ. “ನೀವು ಸತ್ತ್ರಿ.”

“ಏ, ದಾಳ ಹಾಕೋ!”

“ಅವನ ಕೈಯಾಗೂ ಅದೇ ಬಂದೂಕೈತ್ರೀ. ದಾಳ ಹಾಕಿ ಅಜ್ಜಾರಿಗೆ ಅವಮಾನ ಮಾಡಲೇನ್ರೀ?”

ಗುಮಾಸ್ತ ಬಹಳ ಮರ್ಯಾದೆಯಿಂದ ಸಾವ್ಕಾರರ ಸಿಪಾಯಿ ಗೊಂಬೆಯನ್ನು ಮಲಗಿಸಿದ. ಹೂವಿಲ್ಲದ್ದಕ್ಕೆ ಕ್ಷಮೆಯನ್ನೂ ಕೇಳಿದ. ಉಳಿದವರು ಎದ್ದು ನಿಂತು ಮೌನ ಆಚರಿಸಿದರು.

ಈಗ ಬೀಗ ಹಾಕಿದರೆ ತಾವು ಸತ್ತದ್ದೇ ಖಾಯಂ ಆಗುತ್ತದೆಂದು ಸಾವ್ಕಾರರಿಗೆ ಹೊಳೆಯಿತು. ಅವರು ದಾಳವನ್ನು ಗುಮಾಸ್ತನ ಕಡೆಗೆ ಸರಿಸಿದರು.

“ತಮ್ಮಾ,” ಎಂದರು ಮೆಲ್ಲಗೆ, “ಖರೇ ಹೇಳಬೇಕಂದ್ರ, ನಮ್ಮ ಅಜ್ಜಾರ ಗುರಿನೂ ಒಮ್ಮೊಮ್ಮೆ ತಪ್ಪತಿತ್ತಂತ.”