ಜಾಗೃತಿ ಸಭೆಯ ಫೋಟೋ

ಹಿರಿಯರ ಮೇಲಿನ ದೌರ್ಜನ್ಯ ತಡೆಯಲು ಊರಲ್ಲಿ ಜಾಗೃತಿ ಸಭೆ ನಡೆದಿತ್ತು. ಪೋಸ್ಟರಿಗೆ ತನ್ನದೇ ಫೋಟೋ ಆಗಬೇಕೆಂದು ಪಂಚಾಯ್ತಿ ಅಧ್ಯಕ್ಷ ಚನ್ನವೀರಪ್ಪ ತನ್ನ ತಾಯಿ ನೀಲವ್ವನನ್ನು ವೇದಿಕೆಗೆ ಕರೆತಂದಿದ್ದ.

"ಅವ್ವನ ಹೆಗಲ ಮ್ಯಾಲ ಕೈ ಇಡತೀನಿ. ಅಕಿ ನಗಬೇಕು. ಫೋಟೋ ಕೆಟ್ಟರ ನಿನ್ನ ಅಂಗಡಿ ಮುಚ್ಚಸ್ತೀನಿ," ಎಂದು ಫೋಟೋಗ್ರಾಫರನಿಗೆ ಗದರಿದ.

ಚನ್ನವೀರಪ್ಪ ಕೈ ಎತ್ತಿದ್ದೇ ತಡ, ನೀಲವ್ವ ಕಣ್ಣು ಮುಚ್ಚಿ ಸೆರಗಿನಲ್ಲಿ ಮುಖ ಹುದುಗಿಸಿದಳು. ಮತ್ತೆ ಎತ್ತಿದ. ಮತ್ತೆ ಹಾಗೇ.

ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. "ಸಾಹೇಬ್ರ, ಕೈ ಹಿಂದ ಕಟ್ಟಿಕೊಂಡು ಅವ್ವಾರ ಕಾಲ ಹತ್ತರ ಕುಂದರ್ರಿ. ಭಕ್ತಿ ಚಂದ ಕಾಣತೈತಿ."

ಚನ್ನವೀರಪ್ಪ ಉಬ್ಬಿ ಕೂತ. ನೀಲವ್ವ ಸೆರಗು ಸರಿಸಿ ನೋಡಿದಳು. ಮೆಲ್ಲಗೆ ನಕ್ಕಳು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಏಳಲು ಹೋದ.

"ಏಳಬ್ಯಾಡ್ರಿ ಸಾಹೇಬ್ರ," ಎಂದ ಫೋಟೋಗ್ರಾಫರ್. "ಅವ್ವಾರು ಈಗಷ್ಟ ಕಣ್ಣು ತೆರದಾರ."